ಸೆಲ್ಫ್ ಹೊಡೆದ್ರೆ ಕರ್ರ್ ಅಂತಿದ್ಯಾ? ಶಿಮ್ ಹಾಕೋ ಮುಂಚೆ ಹಲ್ಲು ಎಣಿಸಿ

ಅಮೆರಿಕಕ್ಕೆ ಬಂದು ಶೋಕಿಗೆ ಅಂತ ಹಳೇ ಕಮಾರೋನೋ ಪಿಕಪ್ಪೋ ತಗೊಂಡು ವೀಕೆಂಡ್ ಪೂರ್ತಿ ಗ್ಯಾರೇಜಲ್ಲೇ ಕೈ ಕಪ್ಪು ಮಾಡ್ಕೊಳ್ಳೋ ನಮ್ಮೋರಿಗೆ ಇದು. ಶೆವ್ರೊಲೆ ಸ್ಮಾಲ್ ಬ್ಲಾಕ್ ವಿ8 ಇಂಜಿನ್ ಶುರುವಾಗಿದ್ದು 1955ರಲ್ಲಿ, ಅಲ್ಲಿಂದ ಎಷ್ಟೋ ವರ್ಷ ಒಂದು ಕಾಲದ ಪಾರ್ಟ್ ಇನ್ನೊಂದು ಕಾಲದ ಬ್ಲಾಕಿಗೆ ಆರಾಮಾಗಿ ಕೂರತ್ತೆ, ಅದೇ ಸುಖ ಅದೇ ತಲೆನೋವು. ಬೋಲ್ಟ್ ಕೂತ್ತು ಅಂದ ಮಾತ್ರಕ್ಕೆ ಜೋಡಿ ಸರಿ ಇದೆ ಅಂತಲ್ಲ. ಹಿಂದಿನ ಓನರ್ ಯಾವ್ದೋ ಬ್ಲಾಕಿಗೆ ಯಾವ್ದೋ ಫ್ಲೈವೀಲ್ (ಇಂಜಿನ್ ಹಿಂದೆ ತಿರುಗೋ ಚಕ್ರ, ಅಂಚಲ್ಲಿ ಹಲ್ಲಿರತ್ತೆ) ಹಾಕಿರ್ತಾನೆ, ಸ್ಟಾರ್ಟರ್ (ಊರಲ್ಲಿ ನಾವು ಸೆಲ್ಫ್ ಮೋಟ್ರು ಅಂತೀವಲ್ಲ ಅದೇ) ಇನ್ನೆಲ್ಲಿಂದಲೋ ಬಂದಿರತ್ತೆ.

ಏನೂ ಬಿಚ್ಚೋ ಮುಂಚೆ ಶಬ್ದ ಕೇಳಿಸ್ಕೊಳ್ಳಿ. ಎಂಥ ಶಬ್ದ ಅನ್ನೋದಕ್ಕಿಂತ ಯಾವಾಗ ಬರತ್ತೆ ಅನ್ನೋದು ಮುಖ್ಯ. ಕ್ರ್ಯಾಂಕ್ ಆಗ್ತಿರೋವಾಗ್ಲೇ, ಅಂದ್ರೆ ಸೆಲ್ಫ್ ಇಂಜಿನ್ ತಿರುಗಿಸ್ತಿರೋವಾಗ, ಇಂಜಿನ್ ಇನ್ನೂ ಹಿಡ್ಕೊಳ್ಳೋ ಮುಂಚೆ ಕೀಂ ಅಂತ ಕೂಗಿದ್ರೆ ಪಿನಿಯನ್ನಿಗೂ (ಸ್ಟಾರ್ಟರಿನ ಸಣ್ಣ ಹಲ್ಲುಚಕ್ರ) ಫ್ಲೈವೀಲಿಗೂ ಗ್ಯಾಪ್ ಜಾಸ್ತಿ ಇದೆ. ಇಂಜಿನ್ ಹಿಡ್ಕೊಂಡ್ಮೇಲೆ ಕೀ ಬಿಡೋ ಹೊತ್ತಿಗೆ ಕೂಗಿದ್ರೆ ಉಲ್ಟಾ, ಗ್ಯಾಪ್ ಸಾಲ್ತಿಲ್ಲ. ಇಂಜಿನ್ ಸ್ಟಾರ್ಟ್ ಆಗಿ ಕೀ ಇನ್ನೂ ಹಿಡಿದಿರೋವಾಗ ಸೈರನ್ ಥರ ಊಂ ಅಂದ್ರೆ ಬೆಂಡಿಕ್ಸ್ (ಪಿನಿಯನ್ ಕೂತಿರೋ ಭಾಗ) ಒಳಗಿನ ಕ್ಲಚ್ ಹೋಗಿರೋ ಸಾಧ್ಯತೆ ಹೆಚ್ಚು, ಮೋಟ್ರು ನಿಲ್ತಾ ಬರೋವಾಗ ಗುರ್ ಅಂದ್ರೆ ಆರ್ಮೇಚರ್ (ಮೋಟ್ರೊಳಗೆ ತಿರುಗೋ ಭಾಗ) ಬಗ್ಗಿರಬಹುದು, ಇವೆರಡಕ್ಕೂ ಶಿಮ್ (ಗ್ಯಾಪ್ ಸರಿ ಮಾಡೋಕೆ ಸ್ಟಾರ್ಟರಿಗೂ ಬ್ಲಾಕಿಗೂ ನಡುವೆ ಹಾಕೋ ತೆಳು ತಗಡು) ಮದ್ದಲ್ಲ. ಬರೀ ಒಂದು ಟಕ್ ಅಂದು ಸುಮ್ಮನಾದ್ರೆ ಹಲ್ಲಿನ ಕಡೆ ಹೋಗ್ಲೇಬೇಡಿ, ಮೊದ್ಲು ಮಲ್ಟಿಮೀಟರ್ ತಗೊಳ್ಳಿ. ಕ್ರ್ಯಾಂಕ್ ಮಾಡೋವಾಗ ಬ್ಯಾಟರಿ 9.6 ವೋಲ್ಟಿಗಿಂತ ಕೆಳಗೆ ಬೀಳ್ತಿದ್ರೆ ಬ್ಯಾಟರಿನೋ ಕೇಬಲ್ಲೋ ನೋಡ್ಬೇಕು, ಇಂಜಿನ್ನಿಂದ ಚಾಸಿಗೆ ಹೋಗೋ ಅರ್ತ್ ಪಟ್ಟಿ ಪೇಂಟ್ ಮೇಲೆ ಕೂತಿದ್ರೂ ಇದೇ ಕಥೆ. ಹೆಡರ್ (ಇಂಜಿನ್ ಹೊಗೆ ಹೋಗೋ ಪೈಪ್ ಸೆಟ್) ಹಾಕಿಸಿರೋರಿಗೆ ಇನ್ನೊಂದು, ತಣ್ಣಗಿದ್ದಾಗ ಸರಿಯಾಗಿ ತಿರುಗಿ ಬಿಸಿ ಆದ್ಮೇಲೆ ಮಾತ್ರ ಟಕ್ ಅಂದ್ರೆ ಸೊಲೆನಾಯ್ಡ್ (ಸ್ಟಾರ್ಟರ್ ಮೇಲಿನ ಸ್ವಿಚ್) ಹೆಡರ್ ಪೈಪಿನ ಶಾಖಕ್ಕೆ ಬೇಯ್ತಿದೆ ಅಂತ, ಹೀಟ್ ಶೀಲ್ಡ್ ಹಾಕಿ.

ಸರಿ, ಶಬ್ದ ಹಲ್ಲಿಂದೇ ಅಂತ ಗೊತ್ತಾಯ್ತು ಅಂತಿಟ್ಕೊಳ್ಳಿ. ಬ್ಯಾಟರಿ ನೆಗೆಟಿವ್ ತೆಗೀರಿ, ಗಾಡಿ ಚಕ್ರಕ್ಕೆ ಅಡ್ಡ ಇಡಿ, ಗಾಡಿ ಜ್ಯಾಕ್ ಸ್ಟ್ಯಾಂಡ್ ಮೇಲೆ ನಿಲ್ಸಿ (ಬರೀ ಜ್ಯಾಕ್ ನಂಬ್ಕೊಂಡು ಕೆಳಗೆ ಹೋಗ್ಬೇಡಿ ಮಾರಾಯ್ರೆ), ಗೇರ್‌ಬಾಕ್ಸ್ ಮುಂದಿರೋ ತಗಡಿನ ಕವರ್ ಬಿಚ್ಚಿ. ಈಗ ಚಾಕ್‌ಪೀಸಲ್ಲಿ ಒಂದು ಹಲ್ಲಿಗೆ ಗುರುತು ಹಾಕಿ, ಇಂಜಿನ್ ಕೈಯಲ್ಲಿ ತಿರುಗಿಸ್ತಾ ರಿಂಗ್ ಗೇರ್ (ಫ್ಲೈವೀಲ್ ಅಂಚಿನ ಹಲ್ಲಿನ ಬಳೆ) ಪೂರ್ತಿ ಹಲ್ಲು ಎಣಿಸಿ. ಬೋರಿಂಗ್ ಕೆಲ್ಸ ನಿಜ, ಆದ್ರೆ ಅರ್ಧ ಕೇಸು ಇಲ್ಲೇ ಮುಗಿಯತ್ತೆ. ಈ ಇಂಜಿನ್ನಿಗೆ ಬರೋದು ಎರಡೇ ಸೈಜು, 153 ಹಲ್ಲಿನ ಸಣ್ಣದು, ಸುಮಾರು 12.75 ಇಂಚು, ಮತ್ತೆ 168 ಹಲ್ಲಿನ ದೊಡ್ಡದು, ಸುಮಾರು 14 ಇಂಚು. ಸಣ್ಣ ವೀಲಿನ ಸ್ಟಾರ್ಟರಿಗೆ ಎರಡು ಬೋಲ್ಟ್ ತೂತು ನೇರವಾಗಿ ಒಂದೇ ಸಾಲಲ್ಲಿರತ್ತೆ, ದೊಡ್ಡ ವೀಲಿಂದಕ್ಕೆ ಓರೆಯಾಗಿರತ್ತೆ. ಎಷ್ಟೋ ಬ್ಲಾಕಲ್ಲಿ ಎರಡಕ್ಕೂ ಆಗೋ ಹಾಗೆ ಮೂರು ತೂತು ಇರೋದ್ರಿಂದ ತಪ್ಪು ಸ್ಟಾರ್ಟರ್ ಕೂಡ ನೀಟಾಗಿ ಕೂತ್ಬಿಡತ್ತೆ, ಆಮೇಲೆ ಪಿನಿಯನ್ ಹಲ್ಲಿನ ತುದಿ ಮಾತ್ರ ಸವರ್ಕೊಂಡು ಸುಮ್ಮನೆ ಗರಗರ ತಿರುಗತ್ತೆ. ಇದನ್ನ ಯಾವ ಶಿಮ್ಮೂ ಸರಿ ಮಾಡಲ್ಲ, ಸ್ಟಾರ್ಟರೇ ಬದಲಾಯಿಸ್ಬೇಕು.

ಎಣಿಸೋವಾಗ್ಲೇ ಸವೆತ ನೋಡ್ಕೊಂಡ್ಬಿಡಿ. ವಿ8 ಆಫ್ ಮಾಡಿದಾಗ ಕಂಪ್ರೆಶನ್ ಒತ್ತಡಕ್ಕೆ ಹೆಚ್ಚುಕಮ್ಮಿ ನಾಲ್ಕೇ ಜಾಗದಲ್ಲಿ ನಿಲ್ಲೋದು, ಹಾಗಾಗಿ ಪಿನಿಯನ್ ಪ್ರತಿ ಸಲ ಅಲ್ಲೇ ಬಂದು ಗುದ್ದತ್ತೆ, ಅಲ್ಲಿನ ಹಲ್ಲೇ ಮೊದ್ಲು ತಿಂದಿರತ್ತೆ. ಒಂದೊಂದ್ಸಲ ಮಾತ್ರ ಕರ್ರ್ ಅಂದು ಮಿಕ್ಕಿದ್ದೆಲ್ಲ ಚೆನ್ನಾಗಿದ್ರೆ ಇದೇ ಕಾರಣ. ಫ್ಲೈವೀಲ್ ಬದಲಾಯಿಸೋದೇ ಆದ್ರೆ ಹುಷಾರು, 1986ರಿಂದ ಈಚೆಗಿನ, ಹಿಂದಿನ ಆಯಿಲ್ ಸೀಲ್ ಒಂದೇ ತುಂಡಾಗಿರೋ (ಒನ್ ಪೀಸ್ ಸೀಲ್) ಕ್ರ್ಯಾಂಕ್‌ಶಾಫ್ಟಿಗೆ ಬೋಲ್ಟ್ ಸರ್ಕಲ್ಲೇ (ಬೋಲ್ಟ್ ತೂತುಗಳು ಕೂರೋ ವೃತ್ತದ ಅಳತೆ) ಬೇರೆ, ಬ್ಯಾಲೆನ್ಸ್ ತೂಕ ವೀಲಲ್ಲೇ ಇರತ್ತೆ. 400 ಕ್ಯೂಬಿಕ್ ಇಂಚಿನ ಇಂಜಿನ್ನಿಂದೂ ಬೇರೆ ಬ್ಯಾಲೆನ್ಸು. ತಪ್ಪು ವೀಲ್ ಹಾಕಿದ್ರೆ ಗಾಡಿ ಪೂರ್ತಿ ನಡುಗತ್ತೆ.

ಜೋಡಿ ಸರಿ ಇದೆ, ಹಲ್ಲೂ ಚೆನ್ನಾಗಿದೆ ಅಂದ್ರೆ ಆಗ ಗ್ಯಾಪ್ ಅಳೀರಿ. ಪಿನಿಯನ್ ಸುಮ್ಮನೆ ಹಿಂದಿರೋವಾಗ ಅದರ ಮುಖಕ್ಕೂ ರಿಂಗ್ ಗೇರಿಗೂ ನಡುವೆ 1/16ರಿಂದ 1/8 ಇಂಚು ಇರ್ಬೇಕು. ಆಮೇಲೆ ಸ್ಕ್ರೂಡ್ರೈವರಲ್ಲಿ ಪಿನಿಯನ್ನನ್ನ ಎಳೆದು ಹಲ್ಲಿಗೆ ಹಲ್ಲು ಕೂರ್ಸಿ, ನಡುವೆ ವೈರ್ ತೂರ್ಸಿ ನೋಡಿ. ಕಮ್ಮಿ ಅಂದ್ರೂ 0.020 ಇಂಚು ಬೇಕು. ಗೇಜ್ ಇಲ್ಲಾಂದ್ರೆ ಸಾಧಾರಣ ಪೇಪರ್ ಕ್ಲಿಪ್ ಬಿಚ್ಚಿ ನೇರ ಮಾಡ್ಕೊಳ್ಳಿ, ಒತ್ತದೇನೇ ತೂರಿದ್ರೆ ಸಾಕು. ಬಿಗಿ ಇದ್ರೆ 0.015 ಇಂಚಿನ ಶಿಮ್ ಎರಡೂ ಬೋಲ್ಟ್ ಕೆಳಗೆ ಬರೋ ಹಾಗೆ ಹಾಕಿ, ಗ್ಯಾಪ್ ಸುಮಾರು 0.005 ಜಾಸ್ತಿ ಆಗತ್ತೆ. ಸಡಿಲ ಇದ್ರೆ ಅದೇ ಶಿಮ್ ಹೊರಗಿನ ಬೋಲ್ಟಿಗೆ ಮಾತ್ರ, ಆಗ ಸ್ಟಾರ್ಟರ್ ವಾಲ್ಕೊಂಡು ವೀಲಿನ ಕಡೆ ಹತ್ರ ಹೋಗತ್ತೆ. ಎರಡು ಮೂರು ಶಿಮ್ ಹಾಕಿದ್ರೂ ದಾರಿಗೆ ಬರ್ತಿಲ್ಲ ಅಂದ್ರೆ ನಿಲ್ಸಿ, ಎಲ್ಲೋ ಪಾರ್ಟೇ ತಪ್ಪಿದೆ.

ಬೋಲ್ಟ್ ವಿಷ್ಯ ನಾನು ಪೆಟ್ಟು ತಿಂದು ಕಲಿತಿದ್ದು. ಒಂದು ಬೋಲ್ಟ್ ಕಳ್ದೋಯ್ತು ಅಂತ ಡಬ್ಬದಲ್ಲಿದ್ದ ಮಾಮೂಲಿ 3/8 ಬೋಲ್ಟ್ ಹಾಕ್ಬಿಟ್ಟೆ, ಥ್ರೆಡ್ ಸರಿಯಾಗೇ ಕೂತ್ತು, ಒಂದು ವಾರ ಚೆನ್ನಾಗಿತ್ತು, ಆಮೇಲೆ ಮತ್ತೆ ಕರ್ರ್. ಸ್ಟಾರ್ಟರ್ ಬೋಲ್ಟಿನ ಕತ್ತಲ್ಲಿ ಗೀರುಗೀರು ಇರತ್ತೆ, ಅದು ತೂತಲ್ಲಿ ಬಿಗಿಯಾಗಿ ಕೂತು ಸ್ಟಾರ್ಟರನ್ನ ಜಾಗದಲ್ಲಿ ಹಿಡಿದಿಡೋದು. ಮಾಮೂಲಿ ಬೋಲ್ಟಲ್ಲಿ ಆ ಗೀರಿಲ್ಲ, ಕ್ರ್ಯಾಂಕ್ ಮಾಡಿದಾಗೆಲ್ಲ ಸ್ಟಾರ್ಟರ್ ಒಂದಿಷ್ಟಿಷ್ಟು ಜರಗಿತ್ತು. ಸ್ಟಾರ್ಟರಿನ ಮುಂದಿನ ತುದಿಯಿಂದ ಬ್ಲಾಕಿಗೆ ಹೋಗೋ ಸಣ್ಣ ಬ್ರಾಕೆಟನ್ನೂ ಬೇಡ ಅಂತ ಎಸೀಬೇಡಿ, ಅದಿಲ್ದೇ ಇದ್ರೆ ಭಾರವೆಲ್ಲ ಎರಡು ಬೋಲ್ಟ್ ಮೇಲೆ, ಕೆಲವು ಸಲ ಬ್ಲಾಕಲ್ಲಿ ಸ್ಟಾರ್ಟರ್ ಬೋಲ್ಟ್ ಕೂರೋ ಕಿವೀನೇ ಮುರಿಯತ್ತೆ.

ಸುಮಾರು 35 ಪೌಂಡ್-ಫೂಟಿಗೆ ಟೈಟ್ ಮಾಡಿ. ಟೈಟ್ ಮಾಡಿದ್ಮೇಲೆ ಗ್ಯಾಪ್ ಬದಲಾಗಿರತ್ತೆ, ಅದಕ್ಕೆ ಪೇಪರ್ ಕ್ಲಿಪ್ಪನ್ನ ಇನ್ನೊಂದ್ಸಲ ತೂರ್ಸಿ, ಒಂದೇ ಕಡೆ ಅಲ್ಲ, ಇಂಜಿನ್ ಕಾಲು ಕಾಲು ಸುತ್ತು ತಿರುಗಿಸಿ ನಾಲ್ಕೂ ಕಡೆ.