ಎದೆಯನ್ನು ನೀವೇ ಮುಟ್ಟಿ ನೋಡಿಕೊಳ್ಳುವುದು ಹೇಗೆ?

ನಮ್ಮ ದೊಡ್ಡಮ್ಮನಿಗೆ ಸ್ನಾನ ಮಾಡುವಾಗ ಕಡಲೆಕಾಳಿನಷ್ಟು ಗಂಟೊಂದು ಕೈಗೆ ಸಿಕ್ಕಿತ್ತು. ನೋವಿರಲಿಲ್ಲ. ನೋವೇ ಇಲ್ಲ ಅಂದಮೇಲೆ ಏನಿರುತ್ತದೆ ಅಂತ ಎಂಟು ತಿಂಗಳು ಬಾಯಿ ಬಿಡಲಿಲ್ಲ. ಕೊನೆಗೆ ಒಂದು ಕಡೆಯ ಎದೆಯನ್ನೇ ತೆಗೆಯಬೇಕಾಯಿತು. ಕ್ಯಾನ್ಸರ್ ಗಂಟು ಶುರುವಿನಲ್ಲಿ ಸಾಮಾನ್ಯವಾಗಿ ನೋಯುವುದಿಲ್ಲ ಅನ್ನುವುದು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಒಳಗೆ ಏನೇನಿದೆ ಅಂತ ಗೊತ್ತಿದ್ದರೆ, ಮೊದಲಿನಿಂದ ಇದ್ದದ್ದು ಯಾವುದು, ಹೊಸದು ಯಾವುದು ಅಂತ ಕೈಗೇ ತಿಳಿಯುತ್ತದೆ.

ಮೊದಲು ದಿನ ನೋಡಿಕೊಳ್ಳಿ. ಮುಟ್ಟಿಗೆ ಮುಂಚೆ ಹಾರ್ಮೋನಿನಿಂದ ಎದೆ ಊದಿ ಬಿಗಿಯಾಗುತ್ತದೆ. ಆಗ ಮುಟ್ಟಿದ್ದೆಲ್ಲಾ ಗಂಟೇ ಅನಿಸುತ್ತದೆ. ಮುಟ್ಟು ಶುರುವಾದ 7ರಿಂದ 10ನೇ ದಿನದೊಳಗೆ ಒಳ್ಳೆಯ ಸಮಯ. ಮುಟ್ಟು ನಿಂತವರು ತಿಂಗಳಿಗೊಂದು ತಾರೀಖು ಗೊತ್ತು ಮಾಡಿಕೊಂಡರೆ ಸಾಕು.

ಆಮೇಲೆ ಕನ್ನಡಿ. ಕೈ ಇಳಿಬಿಟ್ಟು ನೋಡಿ, ಮೇಲೆತ್ತಿ ನೋಡಿ, ಸೊಂಟಕ್ಕೆ ಒತ್ತಿ ಹಿಡಿದು ನೋಡಿ. ಎರಡೂ ಒಂದೇ ಸಮ ಇರಬೇಕಿಲ್ಲ, ಬಹಳ ಜನರಿಗೆ ಒಂದು ಸ್ವಲ್ಪ ದೊಡ್ಡದಿರುತ್ತದೆ. ತೊಟ್ಟಿನ ಸುತ್ತಲ ಕಪ್ಪು ಭಾಗದಲ್ಲಿ ಸಾಸಿವೆಯಂಥ ಉಬ್ಬುಗಳಿವೆ, ಅಲ್ವಾ? ಅವು ಎಣ್ಣೆ ಗ್ರಂಥಿಗಳು. ತೊಟ್ಟನ್ನು ಮೆದುವಾಗಿ ಇಡುವುದು ಅವುಗಳ ಕೆಲಸ. ಸುಮ್ನೆ ಹಿಸುಕಬೇಡಿ.

ಕನ್ನಡಿಯಲ್ಲಿ ಮುಖ್ಯವಾಗಿ ಹುಡುಕಬೇಕಾದ್ದು ಗುಳಿ. ಎದೆಯೊಳಗೆ ಸ್ನಾಯು ಇಲ್ಲ, ಸ್ನಾಯು ಇರುವುದು ಅದರ ಹಿಂದೆ. ಎದೆಯನ್ನು ಹಿಡಿದು ನಿಲ್ಲಿಸಿರುವುದು ಚರ್ಮದಿಂದ ಒಳಕ್ಕೆ ಹೋಗುವ ದಾರದಂಥ ಎಳೆಗಳು. ಗೆಡ್ಡೆಯೊಂದು ಆ ದಾರವನ್ನು ಎಳೆದರೆ ಹಾಸಿಗೆಗೆ ಹೊಲಿಗೆ ಹಾಕಿದ ಜಾಗದ ಹಾಗೆ ಚರ್ಮ ಒಳಗೆ ಕುಸಿಯುತ್ತದೆ. ಕೈ ಎತ್ತಿದಾಗ ಅದು ಚೆನ್ನಾಗಿ ಕಾಣುತ್ತದೆ. ಕಿತ್ತಳೆ ಸಿಪ್ಪೆಯಂತಾದ ಚರ್ಮ, ಹೊಸದಾಗಿ ಒಳಗೆ ಹೋದ ತೊಟ್ಟು, ಇವನ್ನೂ ಬಿಡಬೇಡಿ.

ಈಗ ಮಲಗಿಕೊಳ್ಳಿ. ಎಡಗಡೆ ನೋಡುವಾಗ ಎಡಭುಜದ ಕೆಳಗೆ ಮಡಿಸಿದ ಟವೆಲ್ ಇಟ್ಟು, ಎಡಗೈ ತಲೆಯ ಕೆಳಗಿಡಿ. ಬಲಗೈಯ ನಡುವಿನ ಮೂರು ಬೆರಳುಗಳ ಮೆತ್ತನೆಯ ಭಾಗದಿಂದ ಪುಟ್ಟ ಪುಟ್ಟ ಸುತ್ತು ಹಾಕುತ್ತಾ ಹೋಗಿ. ಒಂದೊಂದು ಜಾಗದಲ್ಲೂ ಮೂರು ಸಲ ಒತ್ತಬೇಕು. ಹಗುರವಾಗಿ ಒತ್ತಿದರೆ ಚರ್ಮದ ಕೆಳಗಿನ ಕೊಬ್ಬು ಸಿಗುತ್ತದೆ. ಇನ್ನೊಂದಿಷ್ಟು ಒತ್ತಿದರೆ ಹಾಲಿನ ಗ್ರಂಥಿಗಳು. ಇವು 15ರಿಂದ 20 ಗೊಂಚಲು, ಎಲ್ಲದರ ನಾಳವೂ ತೊಟ್ಟಿನ ಕಡೆಗೇ ಬರುತ್ತದೆ. ಕೈಗೆ ನೆನೆಸಿದ ಸಬ್ಬಕ್ಕಿ ತುಂಬಿದ ಬಟ್ಟೆ ಚೀಲದ ಹಾಗೆ ಅನಿಸಬಹುದು. ಅದು ಸಹಜ. ಗಟ್ಟಿಯಾಗಿ ಒತ್ತಿದರೆ ಸ್ನಾಯು, ಪಕ್ಕೆಲುಬು. ಪಕ್ಕೆಲುಬನ್ನೇ ಗಂಟು ಅಂತ ಹೆದರಿದವರಿದ್ದಾರೆ. ದೊಡ್ಡ ಎದೆಯವರಿಗೆ ಕೆಳಗಿನ ಮಡಿಕೆಯಲ್ಲಿ ಗಟ್ಟಿ ಅಂಚೊಂದು ಸಿಗುತ್ತದೆ. ಅದೂ ಸಹಜವೇ.

ಎದೆ ದೊಡ್ಡದೋ ಚಿಕ್ಕದೋ ಅನ್ನುವುದು ಹೆಚ್ಚಾಗಿ ಕೊಬ್ಬಿನ ಲೆಕ್ಕ. ಚಿಕ್ಕ ಎದೆಯಲ್ಲೂ ಮಗುವಿಗೆ ಬೇಕಾದಷ್ಟು ಹಾಲು ಬರುತ್ತದೆ. ಬಾಣಂತಿಯ ಮುಂದೆ ಬೇರೆ ಮಾತಾಡುವವರಿಗೆ ಇದನ್ನು ದಯವಿಟ್ಟು ಹೇಳಿ.

ಹುಲ್ಲು ಕೊಯ್ಯುವವರ ಹಾಗೆ ಸಾಲು ಹಿಡಿದು, ಕೊರಳ ಮೂಳೆಯಿಂದ ಕೆಳಗಿನ ಮಡಿಕೆವರೆಗೆ, ಎದೆಯ ನಡುಮೂಳೆಯಿಂದ ಕಂಕುಳಿನವರೆಗೆ ಕೈಯಾಡಿಸಿ. ಕಂಕುಳನ್ನು ಜಾಸ್ತಿ ಜನ ಬಿಟ್ಟುಬಿಡುತ್ತಾರೆ. ಎದೆಯ ಅಂಗಾಂಶ ಬಾಲದ ಹಾಗೆ ಅಲ್ಲಿಯವರೆಗೂ ಹೋಗಿರುತ್ತದೆ. ಎದೆಯ ದುಗ್ಧರಸದ (ಇದು ಹಾಲಲ್ಲ, ಅಂಗಾಂಶಗಳಿಂದ ಹರಿದು ಬರುವ ತಿಳಿಯಾದ ದ್ರವ, ಲಿಂಫ್) ಬಹುಪಾಲು ಹರಿದು ಹೋಗುವುದೂ ಅಲ್ಲಿನ ಗ್ರಂಥಿಗಳಿಗೇ. ಕ್ಯಾನ್ಸರ್ ಜಾಸ್ತಿ ಕಾಣಿಸಿಕೊಳ್ಳುವುದು ಕಂಕುಳಿನ ಕಡೆಯ ಮೇಲ್ಭಾಗದಲ್ಲಿ.

ಏನಾದರೂ ಹೊಸದು ಸಿಕ್ಕಿತೇ? ಎದೆಯ ಗಂಟುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲ. ಹರೆಯದವರಲ್ಲಿ ಗೋಲಿಯ ಹಾಗೆ ಜಾರುವ ಗಂಟು ಸಿಗುವುದುಂಟು. ಆದರೆ ಅದನ್ನು ತೀರ್ಮಾನಿಸುವವರು ಡಾಕ್ಟರು, ನಾವಲ್ಲ. ತೊಟ್ಟಿನಿಂದ ರಕ್ತ ಬಂದರಂತೂ ಕಾಯಲೇಬೇಡಿ. ಏನೂ ಸಿಗದಿದ್ದರೂ ಡಾಕ್ಟರ ತಪಾಸಣೆ ಬಿಡುವ ಹಾಗಿಲ್ಲ. 30 ದಾಟಿದವರಿಗೆ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಎದೆಯ ತಪಾಸಣೆಗೆ ಅವಕಾಶವಿದೆ, ಬಾಯಿಬಿಟ್ಟು ಕೇಳಿ.

ಹೋಗುವಾಗ ಜಾಗ ಗುರುತಿಟ್ಟುಕೊಳ್ಳಿ. ತೊಟ್ಟು ಗಡಿಯಾರದ ನಡುವಿನಲ್ಲಿದೆ ಅಂದುಕೊಂಡು, ‘ಎಡಗಡೆ, 2 ಗಂಟೆಯ ಜಾಗ’ ಅಂತ ಹೇಳಿ. ಡಾಕ್ಟರು ಬರೆದುಕೊಳ್ಳುವುದೂ ಹಾಗೆಯೇ.