ನಾಲ್ಕು ಅಡಿ ಅಕ್ವೇರಿಯಂಗೆ ಮರದ ಗಟ್ಟಿ ಸ್ಟ್ಯಾಂಡ್

4 ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ಟ್ಯಾಂಕ್ ಅಂದರೆ 9 ಘನ ಅಡಿ. ಒಂದು ಘನ ಅಡಿಗೆ 28.3 ಲೀಟರ್ ಲೆಕ್ಕದಲ್ಲಿ ಕಂಠಪೂರ್ತಿ ತುಂಬಿದರೆ 255 ಲೀಟರ್ ನೀರು, ತೂಕವೂ ಅಷ್ಟೇ ಕೆಜಿ. 10 ಮಿ.ಮೀ. ಗಾಜು ಚದರ ಮೀಟರಿಗೆ 25 ಕೆಜಿ ತೂಗುತ್ತದೆ. ಈ ಟ್ಯಾಂಕಿಗೆ ಸುಮಾರು 2 ಚದರ ಮೀಟರ್ ಗಾಜು ಹಿಡಿಯುತ್ತದೆ, ಅದು 50 ಕೆಜಿ. ಎರಡು ಇಂಚು ಮರಳು ಹಾಸಿದರೆ 40 ಕೆಜಿಗೂ ಮೇಲೆ, ಅದರ ಮೇಲೆ ಕಲ್ಲು, ಮರದ ಬೇರು. ಇವೆಲ್ಲ ಕೂತ ಜಾಗದಲ್ಲಿ ನೀರು ಕಡಿಮೆ ಹಿಡಿಯುತ್ತದೆ ಎಂದು ಕಳೆದು ನೋಡಿದರೂ ಸ್ಟ್ಯಾಂಡನ್ನು 350 ಕೆಜಿಗೆ ಕಟ್ಟುವುದೇ ಕ್ಷೇಮ. 50 ಕೆಜಿಯ ಏಳು ಅಕ್ಕಿ ಮೂಟೆಗಳು ಹಗಲೂ ರಾತ್ರಿ ವರ್ಷಗಟ್ಟಲೆ ಇಳಿಯದೆ ಕೂತಿರುತ್ತವೆ ಅಂದುಕೊಳ್ಳಿ.

ಇಷ್ಟು ಭಾರ ಸ್ಕ್ರೂಗಳ ಮೇಲೆ ನೇತಾಡಬಾರದು. ಮರದ ಮೇಲೆ ಮರ ಕೂತು, ಕಾಲಿನ ಮೂಲಕ ನೇರವಾಗಿ ನೆಲಕ್ಕೆ ಇಳಿಯಬೇಕು. ಮನೆಯಲ್ಲೇ ಮಾಡಿ ಕೆಟ್ಟುಹೋದ ಸ್ಟ್ಯಾಂಡುಗಳನ್ನು ಬಿಚ್ಚಿ ನೋಡಿದರೆ ಹೆಚ್ಚಿನವುಗಳಲ್ಲಿ ಒಂದೇ ತಪ್ಪು: ಅಡ್ಡಪಟ್ಟಿಯನ್ನು ಕಾಲಿನ ಪಕ್ಕಕ್ಕೆ ಸ್ಕ್ರೂ ಹೊಡೆದು ನಿಲ್ಲಿಸಿರುತ್ತಾರೆ. ಮೊದಲ ತಿಂಗಳು ಏನೂ ಆಗುವುದಿಲ್ಲ. ಆಮೇಲೆ ಸ್ಕ್ರೂ ಸುತ್ತಲಿನ ನಾರು ನಜ್ಜಾಗಿ ಒಂದು ಮೂಲೆ ಎರಡು ಮಿ.ಮೀ. ಕುಸಿಯುತ್ತದೆ. ಸ್ಟ್ಯಾಂಡ್ ಮುರಿಯದಿದ್ದರೂ ಗಾಜಿಗೆ ಅಷ್ಟು ಸಾಕು. ತಿರುಚಿದ ಆಸರೆಯ ಮೇಲೆ ಕೂತ ಟ್ಯಾಂಕಿನ ತಳದ ಗಾಜು ಮೂಲೆಯಿಂದ ಮೂಲೆಗೆ ಸೀಳುತ್ತದೆ, ಇಲ್ಲವೇ ಸಿಲಿಕಾನ್ ಜೋಡಣೆ ಬಿಟ್ಟುಕೊಳ್ಳುತ್ತದೆ.

ಮೊದಲು ಜಾಗ. ಸ್ಟ್ಯಾಂಡಿನ ತೂಕವೂ ಸೇರಿ ನೆಲದ ಮೇಲೆ ಸುಮಾರು 400 ಕೆಜಿ ಬೀಳುತ್ತದೆ, ಅದೂ ಆರು ಚದರ ಅಡಿಯಲ್ಲಿ. ನೆಲಮಹಡಿಯಾದರೆ ಚಿಂತೆಯಿಲ್ಲ. ಆರ್‌ಸಿಸಿ ಮಹಡಿಯಲ್ಲಿ ಕೋಣೆಯ ನಡುವೆ ಇಡದೆ, ಕೆಳಗೆ ಬೀಮ್ ಅಥವಾ ಗೋಡೆ ಇರುವ ಕಡೆ, ಗೋಡೆಗೆ ಉದ್ದಕ್ಕೆ ಇಡಿ. ಮದ್ರಾಸ್ ತಾರಸಿಯ (ಮರದ ತೊಲೆಗಳ ಮೇಲೆ ಇಟ್ಟಿಗೆ ಹಾಸಿದ) ಹಳೆಯ ಮನೆ, ಹಲಗೆ ಹಾಸಿದ ಮಲೆನಾಡಿನ ಅಟ್ಟ ಇವುಗಳ ಮೇಲೆ ಎಂಜಿನಿಯರಿಗೆ ತೋರಿಸದೆ ಇಡುವುದು ಬೇಡ. ಪೈಪು, ವೈರಿಗಾಗಿ ಗೋಡೆಯಿಂದ ಮೂರು ಇಂಚು ಬಿಡಿ.

ಇನ್ನು ಮರ. ಬಾಗಿಲ ಚೌಕಟ್ಟಿಗೆಂದು ಸಾಮಿಲ್‌ಗಳಲ್ಲಿ ಮಾರುವ ಸಾಲ್, ಹೊನ್ನೆ, ಮತ್ತಿ ಯಾವುದಾದರೂ ಆದೀತು, ಚೆನ್ನಾಗಿ ಒಣಗಿದ ಹಲಸೂ ಆಗುತ್ತದೆ. ತೇಗಕ್ಕೆ ದುಡ್ಡು ಸುರಿಯಬೇಕಿಲ್ಲ, ಹೊರಗೆ ಪ್ಲೈವುಡ್ ಮುಚ್ಚುವುದರಿಂದ ಯಾರಿಗೂ ಕಾಣುವುದೂ ಇಲ್ಲ. ಸಿಲ್ವರ್ ಓಕ್ ಅಗ್ಗ, ಆದರೆ ಹುಳ ಬೇಗ ಹಿಡಿಯುತ್ತದೆ. ಯಾವ ಮರವಾದರೂ ಕೆಚ್ಚಿನ ಭಾಗವನ್ನೇ ಆರಿಸಿ, ಅಂಚಿನಲ್ಲಿ ಬೆಳ್ಳಗಿರುವ ತುಂಡು ಬೇಡ. ಗೆದ್ದಲು ಔಷಧಿ ಹೊಡೆದರಾಯಿತು ಎಂದು ಬೆಳ್ಳಗಿನದನ್ನು ಒಪ್ಪಿಕೊಳ್ಳಬೇಡಿ: ಪರ್ಮೆಥ್ರಿನ್, ಕ್ಲೋರ್‌ಪೈರಿಫಾಸ್ ತರಹದ ಔಷಧಿಗಳು ಅತ್ಯಲ್ಪ ಪ್ರಮಾಣದಲ್ಲಿ ನೀರಿಗೆ ಸೇರಿದರೂ ಮೀನು ಸಾಯುತ್ತವೆ. ಹಸಿ ಮರವೂ ಬೇಡ. ಕೊಯ್ದ ವಾರದಲ್ಲೇ ಮನೆಗೆ ತಂದ ಮರ ಒಣಗುತ್ತಾ ಸೊಟ್ಟಗಾಗುತ್ತದೆ, ಆಗ ಅದರ ಮೇಲೆ ಟ್ಯಾಂಕ್ ಇರುತ್ತದೆ.

ಟಿವಿ ಯೂನಿಟ್ಟಿನ ಪಾರ್ಟಿಕಲ್ ಬೋರ್ಡ್, ಎಂಡಿಎಫ್ ಎರಡೂ ಈ ಕೆಲಸಕ್ಕೆ ನಾಲಾಯಕ್ಕು. ಅಂಚಿನಲ್ಲಿ ನೀರು ಹೊಕ್ಕರೆ ರವೆ ಇಡ್ಲಿಯಂತೆ ಉಬ್ಬುತ್ತವೆ.

ಬೇಕಾದ ತುಂಡುಗಳು, ಎಲ್ಲವೂ 4×2 ಇಂಚಿನವು:

- ಉದ್ದಪಟ್ಟಿ 48 ಇಂಚು: 4 (ಮೇಲಿನ ಚೌಕಟ್ಟಿಗೆ 2, ಕೆಳಗಿನದಕ್ಕೆ 2)
- ಅಡ್ಡಪಟ್ಟಿ 14 ಇಂಚು: 6 (ಎರಡೂ ಚೌಕಟ್ಟಿನ ಎರಡು ತುದಿಗೆ, ಒಂದೊಂದು ನಡುವಿಗೆ)
- ಕಾಲು 22 ಇಂಚು: 6

ಒಟ್ಟು 34 ಅಡಿ. ಸಾಮಿಲ್‌ನಲ್ಲಿ ಸಿಎಫ್‌ಟಿ (ಘನ ಅಡಿ) ಲೆಕ್ಕ: 4×2×34 ಅನ್ನು 144ರಿಂದ ಭಾಗಿಸಿದರೆ 1.9. ಇದರ ಜೊತೆ ಒಳಗಿನ ಕೂಡುಪಟ್ಟಿಗೆ 3×1 ಇಂಚಿನದು 15 ಅಡಿ, ಅದು 0.3. ಗಂಟು, ಸೀಳು, ವೇಸ್ಟೇಜು ಸೇರಿಸಿ ಎರಡೂವರೆ ಸಿಎಫ್‌ಟಿ ತನ್ನಿ. ಮೇಲ್ಹಲಗೆಗೆ 18 ಮಿ.ಮೀ. ಪ್ಲೈವುಡ್, ಹಿಂಬದಿ ಮತ್ತು ಎರಡು ಪಕ್ಕಕ್ಕೆ 12 ಮಿ.ಮೀ., ಎರಡೂ ಐಎಸ್ 710 ಮುದ್ರೆಯ ಮರೀನ್ ಪ್ಲೈವುಡ್, ಅಂದರೆ ನೀರು ತಡೆಯುವಂಥವು. ಪಕ್ಕ, ಹಿಂಬದಿ ಮತ್ತು ಒಳಗಿನ ಅಡಿಹಲಗೆ 12 ಮಿ.ಮೀ.ನ ಒಂದೇ 8×4 ಶೀಟಿನಲ್ಲಿ ಬರುತ್ತವೆ.

ಇಲ್ಲೊಂದು ಎಡವಟ್ಟಿದೆ. ಹತ್ತರಿ ಹೊಡೆದ ಮೇಲೆ 4×2 ಅನ್ನುವುದು ಮೂರೂಮುಕ್ಕಾಲು, ಒಂದೂಮುಕ್ಕಾಲು ಇಂಚಿಗೆ ಇಳಿದಿರುತ್ತದೆ. ಆಗ 14 ಇಂಚಿನ ಅಡ್ಡಪಟ್ಟಿ ಹಾಕಿದರೆ ಚೌಕಟ್ಟಿನ ಅಗಲ ಹದಿನೇಳೂವರೆಗೆ ಬಂದು ನಿಲ್ಲುತ್ತದೆ, ಟ್ಯಾಂಕಿನ ಅಂಚು ಆಸರೆಯಿಂದ ಹೊರಗೆ ಚಾಚುತ್ತದೆ. ಪಟ್ಟಿಯ ನಿಜವಾದ ದಪ್ಪ ಅಳೆದು, ಅದರ ಎರಡರಷ್ಟನ್ನು 18ರಿಂದ ಕಳೆದು ಅಡ್ಡಪಟ್ಟಿ ಕೊಯ್ಯಿಸಿ. ಟ್ಯಾಂಕ್ ಮಾಡಿದವರು ಹೇಳಿದ ಅಳತೆಯನ್ನೂ ನಂಬದೆ ಟೇಪು ಹಿಡಿದು ನೋಡಿ.

ಪಟ್ಟಿಗಳು ಯಾವಾಗಲೂ ಅಂಚಿನ ಮೇಲೆ ನಿಲ್ಲಬೇಕು, 4 ಇಂಚು ಎತ್ತರಕ್ಕೆ ಬರುವಂತೆ. ಅದೇ ಮರವನ್ನು ಮಲಗಿಸಿದರೆ ಬಿಗುವು ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ನಡುವೆ ಕಾಲು ಕೊಡುವುದಕ್ಕೂ ಇಂಥದೇ ಕಾರಣ: ಆಸರೆಯ ಅಂತರ ಅರ್ಧವಾದರೆ ಬಾಗು ಹದಿನಾರನೇ ಒಂದು ಪಾಲಿಗೆ ಬರುತ್ತದೆ. ಆದರೆ ಮುಂದೆ ನಡುಗಾಲು ಇದ್ದರೆ ಪ್ರತಿ ಬಾಗಿಲಿನ ತೆರಪು 20 ಇಂಚಷ್ಟೇ. ಒಳಗೆ ಅದಕ್ಕಿಂತ ಉದ್ದದ ಸಂಪ್ (ನೀರು ಸೋಸುವ ಕೆಳಗಿನ ಟ್ಯಾಂಕ್) ಇಡುವವರು ಮುಂದಿನ ನಡುಗಾಲನ್ನು ಬಿಟ್ಟು, ಮೇಲಿನ ಚೌಕಟ್ಟನ್ನಷ್ಟೇ ಪೂರ್ತಿ 6×2ರಲ್ಲಿ ಮಾಡಿ, ಕಾಲುಗಳನ್ನು 20 ಇಂಚಿಗೆ ಇಳಿಸಬಹುದು. 4 ಇಂಚಿನದಕ್ಕಿಂತ 6 ಇಂಚಿನ ಪಟ್ಟಿ ಮೂರರಷ್ಟಕ್ಕಿಂತಲೂ ಹೆಚ್ಚು ಬಿಗಿ. ಹಿಂದಿನ ನಡುಗಾಲನ್ನು ಮಾತ್ರ ಬಿಡಬೇಡಿ.

ಕಾಲುಗಳ ಉದ್ದ ಒಂದೇ ಸಮ ಇರುವುದು ಇಡೀ ಕೆಲಸದ ಜೀವಾಳ. ಒಂದು ಕಾಲು ಒಂದು ಮಿ.ಮೀ. ಗಿಡ್ಡವಾದರೆ ಅದರ ಪಾಲಿನ ಭಾರ ಪಕ್ಕದವುಗಳಿಗೆ ಹೋಗುತ್ತದೆ. ಒಂದೊಂದೇ ಅಳೆದು ಕೊಯ್ಯುವುದು ಬೇಡ. ಆರನ್ನೂ ಸ್ವಲ್ಪ ಉದ್ದವಾಗಿ ಕೊಯ್ದು, ಒತ್ತಟ್ಟಿಗೆ ಜೋಡಿಸಿ ಕ್ಲ್ಯಾಂಪ್ ಬಿಗಿದು, ಮೂಲೆಮಟ್ಟ ಇಟ್ಟು ಅಡ್ಡಡ್ಡ ಒಂದೇ ಗೆರೆ ಎಳೆದು, ಒಂದೇ ಹೊಡೆತದಲ್ಲಿ ಕೊಯ್ಯಿರಿ. ಬಿಚ್ಚಿ ನೆಲದ ಮೇಲೆ ಸಾಲಾಗಿ ನಿಲ್ಲಿಸಿ ಮೇಲೆ ಬೆರಳಾಡಿಸಿ. ಕಣ್ಣಿಗೆ ಕಾಣದ ಅರ್ಧ ಮಿ.ಮೀ. ಏರಿಳಿತ ಬೆರಳಿಗೆ ಸಿಗುತ್ತದೆ.

ಜೋಡಣೆಯನ್ನು ತಲೆಕೆಳಗಾಗಿ ಮಾಡಿ. ಮನೆಯಲ್ಲಿ ಇದ್ದುದರಲ್ಲಿ ಮಟ್ಟವಾದ ನೆಲದ ಮೇಲೆ ಮೇಲಿನ ಚೌಕಟ್ಟನ್ನು ಬೋರಲಾಗಿ ಜೋಡಿಸಿದರೆ ನೆಲವೇ ಮಟ್ಟಹಲಗೆಯಾಗುತ್ತದೆ, ಟ್ಯಾಂಕ್ ಕೂರುವ ಮುಖ ತಾನಾಗಿ ಸಮ ಬರುತ್ತದೆ. ಅತ್ಯಂತ ನೇರವಾದ ಪಟ್ಟಿಗಳನ್ನು ಇದಕ್ಕೇ ಬಳಸಿ. ಉದ್ದಪಟ್ಟಿಗಳ ನಡುವೆ ಅಡ್ಡಪಟ್ಟಿ ಇಟ್ಟು, ಮರೀನ್ ಫೆವಿಕಾಲ್ ಸವರಿ, ಪ್ರತಿ ಸಂದಿಗೆ 100 ಮಿ.ಮೀ.ನ ಎರಡು ಸ್ಕ್ರೂ. 5 ಮಿ.ಮೀ. ಸ್ಕ್ರೂಗೆ ಮೊದಲು ಮೂರೂವರೆ ಮಿ.ಮೀ. ತೂತು ಕೊರೆಯಲೇಬೇಕು, ಇಲ್ಲದಿದ್ದರೆ ಸಾಲ್ ತುದಿಯಲ್ಲಿ ಸೀಳುತ್ತದೆ. ಜಿಪ್ಸಂ ಬೋರ್ಡಿನ ಕಪ್ಪು ಸ್ಕ್ರೂ ಪಟ್ಟನೆ ಮುರಿಯುತ್ತದೆ, ತೇವಕ್ಕೆ ತುಕ್ಕೂ ಹಿಡಿಯುತ್ತದೆ. ಸ್ಟೇನ್‌ಲೆಸ್ ಸ್ಟೀಲಿನದೇ ತನ್ನಿ. ಗೋಂದು ಗಟ್ಟಿಯಾಗುವ ಮುನ್ನ ಎರಡು ಕರ್ಣ ಅಳೆಯಿರಿ: 48×18ಕ್ಕೆ ಎರಡೂ 51¼ ಇಂಚು ಬರಬೇಕು. ಒಂದು ಹೆಚ್ಚಿದ್ದರೆ ಆ ಮೂಲೆಯನ್ನು ಒಳಕ್ಕೆ ಒತ್ತಿ.

ಈಗ ಮೂಲೆಗಾಲು. 4 ಇಂಚಿನ ಮುಖ ಸ್ಟ್ಯಾಂಡಿನ ಅಗಲದ ದಿಕ್ಕಿಗೆ ಬರುವಂತೆ ನಿಲ್ಲಿಸಿ. ಆಗ ಕಾಲಿನ ಅರ್ಧ ಉದ್ದಪಟ್ಟಿಯ ತುದಿಯಡಿ, ಇನ್ನರ್ಧ ಅಡ್ಡಪಟ್ಟಿಯಡಿ ಬಂದು ಎರಡನ್ನೂ ಹೊರುತ್ತದೆ. ತಿರುಗಿಸಿ ನಿಲ್ಲಿಸಿದರೆ ಅಡ್ಡಪಟ್ಟಿ ಮತ್ತೆ ಸ್ಕ್ರೂ ಮೇಲೆ ನೇತಾಡುತ್ತದೆ. ನಡುಗಾಲುಗಳ 4 ಇಂಚಿನ ಮುಖ ಮಾತ್ರ ಉದ್ದಪಟ್ಟಿಯ ದಿಕ್ಕಿಗೇ ಇರಲಿ. ಕಾಲುಗಳ ಮೇಲೆ ಕೆಳಗಿನ ಚೌಕಟ್ಟನ್ನು ಕೂರಿಸಿ, ಒಳಮುಖದಲ್ಲಿ ಇಪ್ಪತ್ತೊಂಬತ್ತು ಇಂಚಿನ 3×1 ಕೂಡುಪಟ್ಟಿಯನ್ನು ಮೇಲಿನ ಪಟ್ಟಿ, ಕಾಲು, ಕೆಳಗಿನ ಪಟ್ಟಿ ಮೂರಕ್ಕೂ ಸೇರುವಂತೆ ಗೋಂದು ಮತ್ತು 50 ಮಿ.ಮೀ. ಸ್ಕ್ರೂಗಳಿಂದ ಹಿಡಿಸಿ. ಈ ಪಟ್ಟಿ ಭಾರ ಹೊರುವುದಿಲ್ಲ, ಕಾಲು ಜಾರದಂತೆ ಹಿಡಿಯುತ್ತದೆ ಅಷ್ಟೆ. ಅದಕ್ಕೇ ಮೇಲೂ ಕೆಳಗೂ ಅರ್ಧ ಇಂಚು ಗಿಡ್ಡ ಇರಲಿ.

ಇಷ್ಟಾದರೂ ಪಕ್ಕಕ್ಕೆ ತಳ್ಳಿದರೆ ಸ್ಟ್ಯಾಂಡ್ ಓಲಾಡುತ್ತದೆ. ಓಲಾಟ ನಿಲ್ಲಿಸುವುದು ಪ್ಲೈವುಡ್. ಹಿಂಬದಿಗೆ 48×30, ಪಕ್ಕಗಳಿಗೆ 18×30 ತುಂಡುಗಳನ್ನು ಗೋಂದು ಸವರಿ ಆರು ಇಂಚಿಗೊಂದು ಸ್ಕ್ರೂ ಹಾಕಿ ಬಿಗಿಯಿರಿ. ಪೈಪಿಗೆ ಬೇಕೆಂದು ಹಿಂಬದಿಯನ್ನು ಪೂರ್ತಿ ತೆಗೆಯುವವರಿದ್ದಾರೆ, ಅದು ಬೇಡ, ನಾಲ್ಕು ಇಂಚಿನ ಎರಡು ತೂತು ಸಾಕು. ಗೋಂದು ಒಣಗಲು ಒಂದು ದಿನ ಬಿಟ್ಟು ನೆಟ್ಟಗೆ ತಿರುಗಿಸಿ, ಮೇಲ್ಹಲಗೆ ಕೂರಿಸಿ.

ಬಣ್ಣ ಕಾಣುವ ಕಡೆಗಿಂತ ಕಾಣದ ಕಡೆ ಮುಖ್ಯ. ಪ್ಲೈವುಡ್ ಅಂಚು, ಪೈಪಿನ ತೂತಿನ ಒಳಸುತ್ತು, ಕೆಳಗಿನ ಚೌಕಟ್ಟಿನ ಅಡಿ, ಇವಕ್ಕೆ ಮೂರು ಕೋಟ್ ಎನಾಮಲ್ ಅಥವಾ ಪಿಯು (ಪಾಲಿಯುರೆಥೇನ್) ಕೊಡಿ. ದಿನಾ ನೆಲ ಒರೆಸುವ ಮನೆಯಲ್ಲಿ ಸ್ಟ್ಯಾಂಡ್ ಮೊದಲು ಕೊಳೆಯುವುದು ಅಡಿಯಿಂದಲೇ. ವಾಸನೆ ಪೂರ್ತಿ ಹೋಗುವವರೆಗೆ, ಕಡಿಮೆಯೆಂದರೆ ಒಂದು ವಾರ, ಟ್ಯಾಂಕ್ ಇಡಬೇಡಿ.

ಜಾಗದಲ್ಲಿಟ್ಟು ರಸಮಟ್ಟದಿಂದ ಉದ್ದ, ಅಗಲ, ಎರಡು ಕರ್ಣ ನೋಡಿ. ನೀರು ಹರಿಯಲೆಂದು ಇಳಿಜಾರು ಕೊಟ್ಟ ನೆಲ ಎಷ್ಟೋ ಮನೆಗಳಲ್ಲಿದೆ. ತಗ್ಗಿರುವ ಕಡೆ ಕಾಲಿನ ನೇರ ಕೆಳಗೆ, ನೆಲಕ್ಕೂ ಸ್ಟ್ಯಾಂಡಿಗೂ ನಡುವೆ, ಉಳಿದ ಸನ್‌ಮೈಕಾ ಚೂರುಗಳನ್ನು ಒಂದರ ಮೇಲೊಂದು ಸೇರಿಸಿ. ಒಂದೊಂದು ಚೂರು ಸುಮಾರು ಒಂದು ಮಿ.ಮೀ., ಕೊಳೆಯುವುದೂ ಇಲ್ಲ, ಒತ್ತಿಕೊಳ್ಳುವುದೂ ಇಲ್ಲ. ರಟ್ಟು ಮಡಿಚಿ ತುರುಕಿದರೆ ಮೊದಲ ಸಲ ನೀರು ಚೆಲ್ಲಿದಾಗಲೇ ಹೋಯಿತು. ಟ್ಯಾಂಕಿಗೂ ಸ್ಟ್ಯಾಂಡಿಗೂ ನಡುವೆ ಯಾವ ಚೂರನ್ನೂ ಇಡಬೇಡಿ, ಆ ಒಂದು ಬಿಂದುವಿನಲ್ಲೇ ಗಾಜು ಒಡೆಯುತ್ತದೆ. ಗಾರೆಯವರ ಅಲ್ಯೂಮಿನಿಯಂ ಪಟ್ಟಿಯನ್ನು ಮೇಲ್ಹಲಗೆಯ ಮೇಲಿಟ್ಟು ನೋಡಿ: ಎಲ್ಲಾದರೂ ಒಂದು ಮಿ.ಮೀ.ಗಿಂತ ಹೆಚ್ಚು ಬೆಳಕು ತೂರಿದರೆ ಹಲಗೆ ಬಿಚ್ಚಿ ಕೆಳಗಿನ ಪಟ್ಟಿಯ ಉಬ್ಬನ್ನು ಕೀಸಿ. ಥರ್ಮಾಕೋಲ್ ಹಾಕುತ್ತೇನಲ್ಲ ಅನ್ನಬೇಡಿ. 10 ಮಿ.ಮೀ. ಥರ್ಮಾಕೋಲ್ ಮರಳಿನ ಕಣ, ಬಣ್ಣದ ಗಂಟು ನುಂಗುತ್ತದೆ, ಸ್ಟ್ಯಾಂಡಿನ ತಿರುಚನ್ನಲ್ಲ. ತಳದ ಗಾಜು ನೇರವಾಗಿ ಹಲಗೆಗೆ ತಾಗುವ ಟ್ಯಾಂಕಿಗೆ ಅದು ಬೇಕು. ಸುತ್ತ ಪ್ಲಾಸ್ಟಿಕ್ ಫ್ರೇಮ್ ಇದ್ದು ತಳದ ಗಾಜು ಮೇಲೆ ನಿಂತಿರುವ ಟ್ಯಾಂಕಿಗೆ ಹಾಕಬಾರದು, ನಡುವೆ ಉಬ್ಬಿ ಗಾಜನ್ನು ಒತ್ತುತ್ತದೆ.

ನೀರನ್ನು ಒಂದೇ ಸಲ ತುಂಬಬೇಡಿ. ಕಾಲು ಭಾಗ ತುಂಬಿ ಒಂದು ಗಂಟೆ ಬಿಟ್ಟು, ನಾಲ್ಕೂ ಮೂಲೆಯಲ್ಲಿ ನೀರಿನ ಮೇಲ್ಮೈಯಿಂದ ಗಾಜಿನ ಅಂಚಿಗೆ ಎಷ್ಟಿದೆ ಅಳೆಯಿರಿ. ಇದಕ್ಕಿಂತ ನಿಖರವಾದ ರಸಮಟ್ಟವಿಲ್ಲ. ನಾಲ್ಕು ಅಡಿಗೆ ಎರಡು ಮಿ.ಮೀ. ವ್ಯತ್ಯಾಸ ನಡೆಯುತ್ತದೆ. ಅದಕ್ಕಿಂತ ಹೆಚ್ಚಿದ್ದರೆ ನೀರು ಖಾಲಿ ಮಾಡಿ, ಟ್ಯಾಂಕ್ ಇಳಿಸಿ, ಮತ್ತೆ ಸರಿಮಾಡಿ. ತುಂಬಿದ ಟ್ಯಾಂಕಿನಡಿ ಸಬ್ಬಲ್ ಹಾಕಿ ಮೀಟಲು ಹೋಗಬೇಡಿ. ಅರ್ಧ ತುಂಬಿ ಒಂದು ರಾತ್ರಿ, ಪೂರ್ತಿ ತುಂಬಿ ಒಂದು ದಿನ ಬಿಟ್ಟು ಮತ್ತೆ ಅಳೆಯಿರಿ. ಬಾಗಿಲುಗಳನ್ನು ಕೂರಿಸುವುದು ಇದಾದ ಮೇಲೆ. ಭಾರ ಬಿದ್ದು ಮರ ಕೂತ ನಂತರ ಅಳತೆ ತೆಗೆದರೆ ಅವು ಉಜ್ಜುವುದಿಲ್ಲ, ಮಳೆಗಾಲದಲ್ಲಿ ಮರ ಹಿಗ್ಗುವುದಕ್ಕೆಂದು ಸುತ್ತ ಮೂರು ಮಿ.ಮೀ. ಸಂದು ಮಾತ್ರ ಬಿಟ್ಟಿರಿ.