ಆಫೀಸ್ ಮೆಸೇಜ್ ಕಳಿಸುವ ಮುಂಚೆ ಇದೊಂದು ನೋಡಿ

"ರಿಪೋರ್ಟ್ ಇನ್ನೂ ಬಂದಿಲ್ಲ" ಅಂತ ಗ್ರೂಪಿಗೆ ಹಾಕಿದರೆ ಅದು ಸುದ್ದಿಯೋ, ದೂರೋ, ಕೆಲಸ ಹೇಳಿದ್ದೋ? ಓದಿದವರು ತಮಗೆ ಅನುಕೂಲವಾದದ್ದನ್ನೇ ಅಂದುಕೊಳ್ಳುತ್ತಾರೆ, ಅಲ್ವಾ. ಮಾತು ಬರೀ ವಿಷಯ ತಿಳಿಸುವುದಿಲ್ಲ, ಮಾತಾಡುವುದೇ ಒಂದು ಕೆಲಸ ಮಾಡಿದಂತೆ (ಕೇಳುವುದು, ಒಪ್ಪುವುದು, ದೂರುವುದು) ಅಂತ ತತ್ವಜ್ಞಾನಿ ಜೆ. ಎಲ್. ಆಸ್ಟಿನ್ 1955ರ ಹಾರ್ವರ್ಡ್ ಉಪನ್ಯಾಸಗಳಲ್ಲೇ ವಿವರಿಸಿದ್ದರು. ಆಮೇಲೆ ಇನ್ನೊಬ್ಬ ತತ್ವಜ್ಞಾನಿ ಜಾನ್ ಸರ್ಲ್ ಇಂಥ ಮಾತುಗಳನ್ನು ಐದು ಬಗೆ ಮಾಡಿದರು. ಆಫೀಸಿನಲ್ಲಿ ಜಾಸ್ತಿ ಎಡವಟ್ಟಾಗುವುದು ಎರಡರಲ್ಲಿ, ಕೆಲಸ ಕೇಳುವುದು ಮತ್ತು ಮಾತು ಕೊಡುವುದು.

ಕೇಳುವಾಗ ಯಾರು, ಏನು, ಯಾವಾಗ ಅಂತ ಬರೆಯಿರಿ. "ಯಾರಾದರೂ ನೋಡಿ" ಅಂದರೆ ಯಾರೂ ನೋಡುವುದಿಲ್ಲ. "ನೋಡ್ತೀನಿ" ಅನ್ನುವುದನ್ನು ಒಪ್ಪಿಗೆ ಅಂತ ತಿಳಿಯಬೇಡಿ (ಹೆಬ್ಬೆರಳಿನ ಇಮೋಜಿ ಇನ್ನೂ ಮೋಸ, ಓದಿದೆ ಅಂತಲೂ ಆಗಬಹುದು). "ಶುಕ್ರವಾರ ಸಂಜೆಯೊಳಗೆ ಕೊಡ್ತೀರಾ, ಆಗಲ್ವಾ?" ಅಂತ ನೇರವಾಗಿ ಕೇಳಿ. ಆಗಲ್ಲ ಅಂದರೆ ಮುನಿಸಿಕೊಳ್ಳದೆ ಬೇರೆ ದಿನ ಗೊತ್ತುಮಾಡಿಕೊಳ್ಳಿ.